ಪ್ರಾಗ್‌ನಲ್ಲಿ ನೆಲ ನೋಡಿ ನಡೆದ ನಾಲ್ಕು ದಿನ

ಮೊದಲ ದಿನ, ಮಂಗಳವಾರ

ಪ್ರಾಗ್‌ಗೆ ಕಾಲಿಟ್ಟ ಅರ್ಧ ಗಂಟೆಯಲ್ಲೇ ನನ್ನ ಸೂಟ್‌ಕೇಸಿನ ಒಂದು ಚಕ್ರ ಹೋಯಿತು. ಟ್ರಾಮ್ ಇಳಿದರೆ ನಾವು ಉಳಿಯುವ ಮನೆಗೆ ಆರೇ ನಿಮಿಷದ ನಡಿಗೆ ಅಂತ ಫೋನ್ ಹೇಳಿತ್ತು. ಆ ಆರು ನಿಮಿಷದ ದಾರಿ ಪೂರ್ತಿ ಮುಷ್ಟಿಯಷ್ಟು ದಪ್ಪದ ಕಲ್ಲು ಹಾಸಿರುವುದನ್ನು ಮಾತ್ರ ಹೇಳಿರಲಿಲ್ಲ. ಕಟಕಟ ಅಂತ ಎಳೆದುಕೊಂಡು ಹೋಗುತ್ತಿದ್ದೆ. ಒಂದು ತಿರುವಿನಲ್ಲಿ ಪಟ್ ಅಂತು. ಚಕ್ರ ತಾನೇ ಉರುಳಿಕೊಂಡು ಹೋಗಿ ಚರಂಡಿಯ ಜಾಲರಿ ಮೇಲೆ ಮಲಗಿತು. ಅದನ್ನು ಹಿಡಿಯಲು ಹೋದ ನಾನು ಎರಡು ಕಲ್ಲಿನ ಸಂದಿಯಲ್ಲಿ ಹಿಮ್ಮಡಿ ಸಿಕ್ಕಿಸಿಕೊಂಡು ಕಾಲು ಉಳುಕಿಸಿಕೊಂಡೆ.

"ಅಕ್ಕ, ನೆಲ ನೋಡ್ಕೊಂಡು ನಡಿ" ಅಂದಳು ತಂಗಿ. ಆಮೇಲೆ ನಾಲ್ಕು ದಿನವೂ ಇದನ್ನೇ ಜಪ ಮಾಡಿದಳು.

ಹೋದದ್ದು ನಾವಿಬ್ಬರೇ. ಅವಳ ಮಗ ಡ್ರೆಸ್ಡೆನ್‌ನಲ್ಲಿ ಓದುತ್ತಿದ್ದಾನೆ. ಅವನ ಜೊತೆ ಒಂದು ವಾರ ಇದ್ದು, ರೈಲಿನಲ್ಲಿ ಎರಡೂವರೆ ಗಂಟೆ ದೂರದ ಪ್ರಾಗ್ ನೋಡಿಬರೋಣ ಅಂತ ಹೊರಟೆವು. ಅಕ್ಟೋಬರ್ ಎರಡನೇ ವಾರ. ವೀಸಾ, ಟಿಕೆಟ್ಟಿನ ಕಥೆ ಬೇಡ ಬಿಡಿ, ಎಲ್ಲರದೂ ಒಂದೇ. ಗೈಡ್ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಬಣ್ಣದ ಕೊಡೆ ಎತ್ತಿ ಹಿಡಿದವರ ಹಿಂದೆ ಓಡುವುದು ನನ್ನ ಮಂಡಿಗೆ ಆಗದ ಕೆಲಸ. ತಂಗಿ ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟದಂತೆ ದಾರಿ ಬರೆದುಕೊಂಡಿದ್ದಳು. ಎಲ್ಲಿ ತಿರುಗಬೇಕು, ಎಲ್ಲಿ ಕೂರಲು ಬೆಂಚು ಸಿಗುತ್ತದೆ, ಎಲ್ಲಿ ಟಾಯ್ಲೆಟ್ ಇದೆ, ಎಲ್ಲವೂ ಅದರಲ್ಲಿತ್ತು. ಟಾಯ್ಲೆಟ್ಟಿಗೆ ಅಲ್ಲಿ ದುಡ್ಡು ಕೊಡಬೇಕು, ಚಿಲ್ಲರೆ ಇಟ್ಟುಕೊಂಡಿರಿ.

ನನಗೆ ವಹಿಸಿದ್ದ ಕೆಲಸ ಒಂದೇ. ನಮ್ಮ ಮನೆ ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿದೆ. ಎದುರುಮನೆ ಆಂಟಿ ಗುರುವಾರ ಬಂದರೆ ಸಾಕು, ವಿವೇಕನಗರದ ಇನ್‌ಫೆಂಟ್ ಜೀಸಸ್ ಚರ್ಚಿಗೆ ಹೋಗುವವರು. ಮಳೆ ಬರಲಿ, ಬಂದ್ ಇರಲಿ, ತಪ್ಪಿಸಿದ್ದಿಲ್ಲ. "ನಮ್ ಬಾಲಯೇಸುದು ಮೂಲ ಊರು ಅದೇ ಕಣಮ್ಮ. ನನ್ನ ಹೆಸರಲ್ಲಿ ಒಂದು ಕ್ಯಾಂಡಲ್ ಹಚ್ಚಿ ಬಾ" ಅಂತ ನೂರು ರೂಪಾಯಿ ನೋಟು ಕೈಗೆ ತುರುಕಿದ್ದರು. ಅದು ಪಾಸ್‌ಪೋರ್ಟಿನ ಮಧ್ಯೆ ಭದ್ರವಾಗಿತ್ತು.

ಚೆಕ್ ದೇಶದಲ್ಲಿ ಈಗಲೂ ಯೂರೋ ಅಲ್ಲ, ಕೊರುನಾ ಅನ್ನುವ ಅವರದೇ ಹಣ ನಡೆಯುತ್ತದೆ. ದಾರಿಯಲ್ಲಿ ಸಿಕ್ಕ ಒಂದು ಕೌಂಟರಿನಲ್ಲಿ 'ಕಮಿಷನ್ ಸೊನ್ನೆ' ಅಂತ ದಪ್ಪಕ್ಷರದ ಬೋರ್ಡು ನೋಡಿ ನಾನು 100 ಯೂರೋ ಕೊಟ್ಟುಬಿಟ್ಟೆ. ಕಮಿಷನ್ ಸೊನ್ನೆಯೇ, ಸುಳ್ಳಲ್ಲ. ದರದಲ್ಲೇ ಚರ್ಮ ಸುಲಿದಿದ್ದರು. ತಂಗಿ ಅದೇನು ಓದಿಕೊಂಡಿದ್ದಳೋ, ರಸೀದಿ ಹಿಡಿದು ನನ್ನನ್ನು ವಾಪಸ್ ಎಳೆದುಕೊಂಡು ಹೋದಳು. 2019ರಿಂದ ಅಲ್ಲಿ ಒಂದು ಕಾನೂನಿದೆ. 1000 ಯೂರೋ ಒಳಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಬಹುದು, ಕಾರಣ ಹೇಳಬೇಕಾಗಿಲ್ಲ. ಕಿಟಕಿಯ ಒಳಗಿದ್ದ ಹುಡುಗ ಮುಖ ಸಿಂಡರಿಸಿಕೊಂಡು ನನ್ನ ಯೂರೋ ವಾಪಸ್ ಕೊಟ್ಟ. ರಸೀದಿ ಬಿಸಾಡಿದ್ದರೆ ಹೋಗಿತ್ತು. ಆಮೇಲೆ ಒಂದು ಬ್ಯಾಂಕಿನ ಎಟಿಎಂನಲ್ಲಿ ತೆಗೆದುಕೊಂಡೆವು.

ಹಳೇ ಊರಿನ ಚೌಕಕ್ಕೆ ಬಂದಾಗ ಸಂಜೆ ನಾಲ್ಕಕ್ಕೆ ಐದು ನಿಮಿಷ. ಜಿಟಿಜಿಟಿ ಮಳೆ. ಹಳೇ ಪುರಭವನದ ಗೋಪುರದಲ್ಲಿರುವ ಗಡಿಯಾರದ ಕೆಳಗೆ ನಮ್ಮ ಜಾತ್ರೆಯಷ್ಟು ಜನ, ಎಲ್ಲರ ಕೈಯೂ ಮೇಲೆ, ಕೈಯಲ್ಲಿ ಫೋನು. 1410ರ ಗಡಿಯಾರ ಅದು. ಗಂಟೆ ಆಗುತ್ತಿದ್ದಂತೆ ಅಸ್ಥಿಪಂಜರದ ಬೊಂಬೆ ಹಗ್ಗ ಎಳೆಯಿತು. ಮೇಲಿನ ಎರಡು ಕಿಟಕಿ ತೆರೆದವು. ಯೇಸುವಿನ ಶಿಷ್ಯರ ಬೊಂಬೆಗಳು ಒಂದೊಂದಾಗಿ ಇಣುಕಿ ಹೋದವು. ಕೊನೆಗೆ ಒಂದು ಕೋಳಿ ಕೂಗಿತು, ಶೀತ ಆದವರ ಗಂಟಲಿನಲ್ಲಿ. "ಮುಗೀತಾ?" ಅಂದಳು ತಂಗಿ. ಮುಗಿದಿತ್ತು. ಜನ ಕರಗಿದರು.

ಕರಗಿದ್ದೇ ಒಳ್ಳೆಯದಾಯಿತು. ಆಮೇಲೆ ನಿಧಾನವಾಗಿ ನೋಡಿದಾಗ ಗೊತ್ತಾಯಿತು, ಅದು ಗಡಿಯಾರಕ್ಕಿಂತ ಹೆಚ್ಚಾಗಿ ಪಂಚಾಂಗ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ, ಇವತ್ತು ಶುಕ್ಲವೋ ಕೃಷ್ಣವೋ ಎಲ್ಲ ಹೇಳುತ್ತದೆ. ಹೊರಗಿನ ಬಳೆಯ ಮೇಲೆ ಬೇರೆಯದೇ ಗಂಟೆಗಳಿವೆ. ಹಳೇ ಬೊಹಿಮಿಯಾದಲ್ಲಿ, ಅಂದರೆ ಈಗಿನ ಚೆಕ್ ದೇಶದ ಪಶ್ಚಿಮ ಭಾಗದಲ್ಲಿ, ಸೂರ್ಯ ಮುಳುಗಿದ ಮೇಲೆ ಒಂದು, ಎರಡು ಅಂತ ಎಣಿಸುತ್ತಿದ್ದರಂತೆ. ನಮಗೆ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ, ಇವರಿಗೆ ಮುಳುಗಿದಾಗ. 1945ರ ಮೇ ತಿಂಗಳಲ್ಲಿ, ಯುದ್ಧ ಇನ್ನೇನು ಮುಗಿಯಿತು ಅನ್ನುವಾಗ, ಇದಕ್ಕೂ ಬೆಂಕಿ ಬಿದ್ದಿತ್ತು. ಮತ್ತೆ ಓಡಿದ್ದು 1948ರಲ್ಲಿ.

ಕತ್ತು ನೋವು ಬಂದು ತಲೆ ತಗ್ಗಿಸಿದೆ. ಆಗ ಕಾಣಿಸಿದವು ಶಿಲುಬೆಗಳು. ಅದೇ ಗೋಪುರದ ಮಗ್ಗುಲಲ್ಲಿ, ನೆಲದ ಕಪ್ಪು ಕಲ್ಲುಗಳ ನಡುವೆ ಬಿಳಿ ಕಲ್ಲಿನಲ್ಲಿ ಕೂಡಿಸಿದ್ದು. ಎಣಿಸಿದೆ, 27. ಜನ ಅದರ ಮೇಲೇ ನಿಂತು ಐಸ್‌ಕ್ರೀಮ್ ತಿನ್ನುತ್ತಿದ್ದರು. ನಾನೂ ಎರಡರ ಮೇಲೆ ಕಾಲಿಟ್ಟೇ ನಿಂತಿದ್ದೆ. 1621ರ ಜೂನ್ 21ರಂದು ಇಲ್ಲೇ 27 ಜನರನ್ನು ಕೊಂದರು. ಆಗ ಇಲ್ಲಿ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ವಂಶದ ಕ್ಯಾಥೊಲಿಕ್ ದೊರೆಯ ವಿರುದ್ಧ ದಂಗೆ ಎದ್ದು, ಹಿಂದಿನ ವರ್ಷ ಊರಾಚೆಯ ಬಿಳಿ ಬೆಟ್ಟದ ಯುದ್ಧದಲ್ಲಿ ಸೋತವರು. 12 ಜನರ ತಲೆಗಳನ್ನು ಚಾರ್ಲ್ಸ್ ಸೇತುವೆಯ ಗೋಪುರಕ್ಕೆ ನೇತುಹಾಕಿದರು. ಹತ್ತು ವರ್ಷ ಅಲ್ಲೇ ಇದ್ದವು.

ನಾಲ್ಕು ಹೆಜ್ಜೆ ಆಚೆ ನೆಲದಲ್ಲಿ ಒಂದು ಹಿತ್ತಾಳೆ ಪಟ್ಟಿ. ಪ್ರಾಗ್‌ನ ಮಧ್ಯಾಹ್ನರೇಖೆ. ಚೌಕದಲ್ಲಿರುವ ಮೇರಿಯ ಕಂಬದ ನೆರಳು ಈ ಪಟ್ಟಿಯ ಮೇಲೆ ಬಿದ್ದರೆ ನಡು ಮಧ್ಯಾಹ್ನ ಅಂತ ಲೆಕ್ಕ. 1918ರಲ್ಲಿ ಜನ ಆ ಕಂಬವನ್ನು ಹಗ್ಗ ಕಟ್ಟಿ ಬೀಳಿಸಿದ್ದರು. 2020ರಲ್ಲಿ ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಮೋಡದಲ್ಲಿ ನೆರಳು ಎಲ್ಲಿಂದ ಬರಬೇಕು? "ಬಿಸಿಲು ಬಂದ ದಿನ ಬರೋಣ" ಅಂತ ತಂಗಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು.

ರಾತ್ರಿ ಊಟಕ್ಕೆ ಗಲ್ಲಿಯ ಪಬ್ಬಿಗೆ ಹೋದೆವು. ಬೆಳ್ಳುಳ್ಳಿ ಸೂಪ್ ಅಂತ ನೋಡಿ ಬಾಯಲ್ಲಿ ನೀರೂರಿತು. ಮಾಂಸ ಇದೆಯಾ ಅಂತ ಕೇಳಿದೆವು. ಮಾಣಿ "ನೋ, ನೋ" ಅಂದ. ಬಿಸಿಬಿಸಿ ಸೂಪು, ಮೇಲೆ ಹುರಿದ ಬ್ರೆಡ್ ಚೂರು, ಚೀಸು. ಅರ್ಧ ಕುಡಿದ ಮೇಲೆ ಚಮಚಕ್ಕೆ ಗುಲಾಬಿ ಬಣ್ಣದ ತುಂಡು ಸಿಕ್ಕಿತು. ಹಂದಿಮಾಂಸ! ಪಕ್ಕದ ಮೇಜಿನ ಅಜ್ಜ ನಕ್ಕು ನಕ್ಕು ವಿವರಿಸಿದರು. ಚೆಕ್ ಭಾಷೆಯಲ್ಲಿ ಹೌದು ಅನ್ನುವುದಕ್ಕೆ 'ಆನೊ'. ಮಾತಿನಲ್ಲಿ ಅದು ಬರೀ 'ನೋ' ಆಗುತ್ತದೆ, ನಮ್ಮ 'ಹೂಂ' ಇದ್ದ ಹಾಗೆ. ಇಲ್ಲ ಅನ್ನುವುದು 'ನೆ'. ಪಾಪ, ಹುಡುಗ ಸತ್ಯವನ್ನೇ ಹೇಳಿದ್ದ. ಅಜ್ಜನೇ ನಮಗೆ 'ಬೆಜ್ ಮಾಸಾ' ಅಂತ ಹೇಳಿಕೊಟ್ಟರು, ಮಾಂಸ ಹಾಕದ್ದು ಅಂತ ಅರ್ಥ. ಅವರ ಮುಂದಿದ್ದ ಚೀಟಿಯಲ್ಲಿ ಬಿಯರಿಗೊಂದು ಗೀಟು ಎಳೆದಿತ್ತು. ನಮ್ಮ ಅಜ್ಜಿ ಗೋಡೆ ಮೇಲೆ ಹಾಲಿನ ಲೆಕ್ಕ ಬರೆಯುತ್ತಿದ್ದರಲ್ಲ, ಥೇಟ್ ಹಾಗೆ.

ಎರಡನೇ ದಿನ, ಬುಧವಾರ

ಕಾಲು ಊದಿತ್ತು. ಮುಲಾಮು ಹಚ್ಚಿ, ದಪ್ಪ ಅಡಿಯ ಶೂ ಬಿಗಿದುಕೊಂಡೆ. ಫೋಟೋಗೆ ಚೆಂದ ಅಂತ ತಂದಿದ್ದ ಚಪ್ಪಲಿ ಬ್ಯಾಗಿನಿಂದ ಆಚೆ ಬರಲೇ ಇಲ್ಲ.

ಇವತ್ತಿನ ಪುಟ ಯೋಸೆಫೋವ್, ಯಹೂದಿಗಳ ಹಳೇ ಕೇರಿ. ಶನಿವಾರ ಇಲ್ಲಿ ಎಲ್ಲ ಮುಚ್ಚಿರುತ್ತದೆ, ಯಹೂದಿ ಹಬ್ಬಗಳಲ್ಲೂ ಅಷ್ಟೇ. ಹೋಗುವ ಮುಂಚೆ ನೋಡಿಕೊಳ್ಳಬೇಕು. ಒಂದೇ ಟಿಕೆಟ್ಟಿನಲ್ಲಿ ಹಲವು ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಗಳನ್ನು ನೋಡಬಹುದು. ಎಲ್ಲ ನೋಡುತ್ತೇವೆ ಅಂತ ಹಟ ಹಿಡಿದರೆ ತಲೆ ಚಿಟ್ಟು ಹಿಡಿಯುತ್ತದೆ. ನಾವು ಪಿಂಕಾಸ್ ಸಿನಗಾಗ್‌ನಲ್ಲೇ ಒಂದೂವರೆ ಗಂಟೆ ಉಳಿದೆವು.

ಒಳಗೆ ಏನೂ ಇಲ್ಲ. ಬರೀ ಗೋಡೆಗಳು. ದೂರದಿಂದ ನೋಡಿದರೆ ಗೋಡೆಗೆ ಸಣ್ಣ ನಮೂನೆಯ ಕಾಗದ ಅಂಟಿಸಿದ ಹಾಗಿದೆ. ಹತ್ತಿರ ಹೋದರೆ ಅಕ್ಷರ. ಮನೆತನದ ಹೆಸರು ಕೆಂಪು, ಆಮೇಲೆ ವ್ಯಕ್ತಿಯ ಹೆಸರು, ಹುಟ್ಟಿದ ದಿನ, ಕೊನೆಯ ಸುದ್ದಿ ಸಿಕ್ಕ ದಿನ. ನಾಜಿಗಳು ಕೊಂದ ಸುಮಾರು 80,000 ಜನರ ಹೆಸರು, ಈಗಿನ ಚೆಕ್ ದೇಶದ ಬೊಹಿಮಿಯಾ ಮತ್ತು ಮೊರಾವಿಯಾದವರದು. ಇದನ್ನು ಎರಡು ಸಲ ಬರೆದಿದ್ದಾರೆ. 1950ರ ದಶಕದಲ್ಲಿ ಒಮ್ಮೆ. ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ 1968ರಿಂದ ಇದು ಮುಚ್ಚಿಯೇ ಇತ್ತು, ಹೆಸರುಗಳು ಹಾಳಾದವು. 1990ರ ದಶಕದಲ್ಲಿ ಮತ್ತೆ ಮೊದಲಿನಿಂದ ಬರೆದರು. ಮಹಡಿಯ ಮೇಲೆ ನಾಜಿಗಳ ಟೆರೆಜಿನ್ ಶಿಬಿರದಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅನ್ನುವ ಕಲಾವಿದೆ ಆ ಮಕ್ಕಳಿಗೆ ಗುಟ್ಟಾಗಿ ಪಾಠ ಹೇಳುತ್ತಿದ್ದರು. ತಮ್ಮನ್ನು ಆಶ್ವಿಟ್ಜ್ ಸಾವಿನ ಶಿಬಿರಕ್ಕೆ ಕಳಿಸುವ ಮುಂಚೆ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸಿನಲ್ಲಿ ಅಡಗಿಸಿಟ್ಟರು. ಚಿಟ್ಟೆ, ಮನೆ, ಊಟದ ಮೇಜು. ಟೀಚರ್ ಕೆಲಸದಿಂದ ನಿವೃತ್ತಳಾದ ನನ್ನ ತಂಗಿ ಒಂದು ಚಿತ್ರದ ಮುಂದೆ ನಿಂತವಳು ಅಲ್ಲಾಡಲಿಲ್ಲ. ನಾನೂ ಕರೆಯಲಿಲ್ಲ.

ಪಕ್ಕದ ಸ್ಮಶಾನಕ್ಕೆ ಮೆಟ್ಟಿಲು ಹತ್ತಬೇಕು. ನೆಲ ಬೀದಿಗಿಂತ ಎತ್ತರ. ಕೇರಿಯವರಿಗೆ ಇದ್ದದ್ದು ಇಷ್ಟೇ ಜಾಗ. ಹೆಚ್ಚುಕಡಿಮೆ 350 ವರ್ಷ, 1787ರವರೆಗೆ, ಒಬ್ಬರ ಮೇಲೊಬ್ಬರನ್ನು ಹೂಳಿದರು. ಮಣ್ಣು ತುಂಬಿದ ಹಾಗೆಲ್ಲ ಹಳೇ ಕಲ್ಲನ್ನು ಎತ್ತಿ ಹೊಸ ನೆಲದ ಮೇಲೆ ನಿಲ್ಲಿಸಿದರು. ಸುಮಾರು 12,000 ಕಲ್ಲುಗಳು, ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಒಂದಕ್ಕೊಂದು ಒರಗಿವೆ. ಮಳೆ ನಿಂತು ಹಳದಿ ಎಲೆಗಳು ಅಂಟಿಕೊಂಡಿದ್ದವು.

ಹೊರಗೆ ಬಂದು ಒಂದು ಬೀದಿ ದಾಟಿದೆವು. ಒಂದು ಮನೆ ಬಾಗಿಲ ಮುಂದೆ ಹೆಂಗಸೊಬ್ಬರು ಮಂಡಿಯೂರಿ ನೆಲ ಉಜ್ಜುತ್ತಿದ್ದರು. ಏನೋ ಬಿದ್ದಿದೆ ಅಂತ ತಂಗಿ ಬಗ್ಗಿದಳು. ಕಲ್ಲುಗಳ ನಡುವೆ ಅಂಗೈಯಷ್ಟು ಅಗಲದ ಹಿತ್ತಾಳೆಯ ಚೌಕ. ನಾಲ್ಕು ಇದ್ದವು, ಒಂದರ ಪಕ್ಕ ಒಂದು. 'ಇಲ್ಲಿ ಬದುಕಿದ್ದರು' ಅಂತ ಶುರುವಾಗಿ ಹೆಸರು, ಹುಟ್ಟಿದ ವರ್ಷ, ಯಾವ ಶಿಬಿರಕ್ಕೆ ಕಳಿಸಿದರು, ಯಾವಾಗ ಕೊಂದರು ಅಂತ ಕೆತ್ತಿದೆ. ಗುಂಟರ್ ಡೆಮ್ನಿಗ್ ಅನ್ನುವ ಜರ್ಮನ್ ಕಲಾವಿದ ಶುರು ಮಾಡಿದ ಕೆಲಸ ಇದು. ಯುರೋಪಿನ ಊರೂರಲ್ಲೂ ಇವೆ. ಆ ಹೆಂಗಸು ಸತ್ತವರ ಸಂಬಂಧಿ ಅಲ್ಲ, ಅದೇ ಮನೆಯಲ್ಲಿ ಬಾಡಿಗೆಗೆ ಇರುವವರು. ಕಪ್ಪಾದಾಗೆಲ್ಲ ಉಜ್ಜುತ್ತಾರಂತೆ. ನನಗೆ ಕೈ ಕಡಿಯುತ್ತಿತ್ತು. ಹಿತ್ತಾಳೆ ಅಂದರೆ ನಮ್ಮ ಇಲಾಖೆ ಅಲ್ವಾ? ಹುಣಸೆಹಣ್ಣು, ಉಪ್ಪು ಇದ್ದಿದ್ದರೆ ತೋರಿಸುತ್ತಿದ್ದೆ. ಅವರು ತಮ್ಮ ಸ್ಪಂಜನ್ನೇ ನನ್ನ ಕೈಗೆ ಕೊಟ್ಟರು. ಒಂದು ಕಲ್ಲು ನಾನು ಉಜ್ಜಿದೆ. ಹೆಸರಿನ ಕೊನೆಯ ಅಕ್ಷರದ ಮೂಲೆಯಲ್ಲಿ ಕಿಲುಬು ಕೂತಿತ್ತು, ಉಗುರಿನಲ್ಲಿ ತೆಗೆಯಬೇಕಾಯಿತು. ಹುಟ್ಟಿದ್ದು 1936.

ಮಧ್ಯಾಹ್ನ ಹೊಟ್ಟೆಗೆ ಹಾಕಿಕೊಂಡದ್ದು ಬ್ರಂಬೊರಾಕ್. ಆಲೂಗಡ್ಡೆ ತುರಿದು, ಬೆಳ್ಳುಳ್ಳಿ ಹಾಕಿ, ಎಣ್ಣೆಯಲ್ಲಿ ಗರಿಗರಿಯಾಗಿ ಹುಯ್ದದ್ದು. ರೊಟ್ಟಿಯ ತಮ್ಮ ಅನ್ನಬಹುದು. ಒಂದು ಹಸಿಮೆಣಸಿನಕಾಯಿ ಬಿದ್ದಿದ್ದರೆ ಸ್ವರ್ಗ. ಬೀದಿ ಬೀದಿಯಲ್ಲೂ ಸುರುಳಿ ಸುತ್ತಿ ಸಕ್ಕರೆ ಉದುರಿಸಿ ಮಾರುವ ಟ್ರ್ಡೆಲ್‌ನಿಕ್ ತಿನ್ನಬೇಡಿ ಅಂತ ಹೇಳುವುದಿಲ್ಲ. 'ಪ್ರಾಗ್‌ನ ಪುರಾತನ ತಿಂಡಿ' ಅಂತ ಬೋರ್ಡು ಇದ್ದರೆ ಅದನ್ನು ನಂಬಬೇಡಿ, ಅಷ್ಟೇ.

ವಾತ್ಸ್ಲಾವ್ ಚೌಕ (ಇಂಗ್ಲಿಷಿನಲ್ಲಿ ವೆನ್ಸೆಸ್ಲಾಸ್) ಹೆಸರಿಗೆ ಚೌಕ. ನಿಜವಾಗಿ ಮುಕ್ಕಾಲು ಕಿಲೋಮೀಟರ್ ಉದ್ದದ ಅಗಲ ರಸ್ತೆ. ಹಿಂದೆ ಕುದುರೆ ಸಂತೆ ನಡೆಯುತ್ತಿದ್ದ ಜಾಗ. ಅದರ ಹತ್ತಿರ ಒಬ್ಬ ಕಲ್ಲು ಹಾಸುವವನು ಗಿಡ್ಡ ಮಣೆ ಮೇಲೆ ಕೂತು ಕಿತ್ತುಹೋದ ಪಾದಚಾರಿ ದಾರಿ ಸರಿಮಾಡುತ್ತಿದ್ದ. ಇಲ್ಲಿ ಕಲ್ಲು ದೊಡ್ಡದಲ್ಲ, ಮೈಸೂರು ಪಾಕಿನ ತುಂಡಿನಷ್ಟು. ಮರಳಿನ ಮೇಲೆ ಒಂದೊಂದನ್ನೇ ತಿರುಗಿಸಿ ನೋಡಿ, ಚೆನ್ನಾಗಿರುವ ಮುಖ ಮೇಲಿಟ್ಟು, ಸುತ್ತಿಗೆಯಲ್ಲಿ ಎರಡು ಸಲ ಟೊಕ್ ಟೊಕ್. ಮುಂದಿನದು. ಬಿಳಿ, ಬೂದು, ಕಪ್ಪು. ನೋಡುತ್ತಾ ನಿಂತೆವು, ಕುಟ್ಟುವುದನ್ನು ನೋಡುತ್ತಾ ನಿಲ್ಲುವುದು ನಮಗೆ ಅಭ್ಯಾಸ ತಾನೇ. ಇನ್ನೊಬ್ಬರೂ ನಿಂತಿದ್ದರು, ಇಂಗ್ಲಿಷ್ ಬಲ್ಲ ಹಿರಿಯರು. ಅವರು ಹೇಳಿದ್ದು ಕೇಳಿ ನಾನು ಕಾಲು ಎತ್ತಿಡುವಂತಾಯಿತು.

2020ರಲ್ಲಿ ಈ ಚೌಕದ ಕೆಳತುದಿಯಲ್ಲಿ ನೆಲ ಅಗೆದಾಗ ಕೆಲವು ಕಲ್ಲುಗಳ ತಳಭಾಗ ನುಣ್ಣಗೆ ಹೊಳಪು ಕೊಟ್ಟ ಹಾಗಿತ್ತು. ತಿರುಗಿಸಿ ನೋಡಿದರೆ ಹೀಬ್ರೂ ಅಕ್ಷರದ ಚೂರು, ಇಸವಿಯ ಒಂದೆರಡು ಅಂಕಿ. ಯಹೂದಿ ಸಮಾಧಿಕಲ್ಲುಗಳು. 1980ರ ದಶಕದಲ್ಲಿ ಕಮ್ಯುನಿಸ್ಟ್ ಸರ್ಕಾರ ಸ್ಮಶಾನದ ಕಲ್ಲುಗಳನ್ನು ಒಡೆಸಿ ಬೀದಿಗೆ ಹಾಸಿತ್ತು. ಜನ ಮೂವತ್ತು ವರ್ಷಕ್ಕೂ ಜಾಸ್ತಿ ಅದರ ಮೇಲೆ ನಡೆದಾಡಿದ್ದರು. ಸಿಕ್ಕ ಕಲ್ಲುಗಳನ್ನು ಯಹೂದಿ ಸಮುದಾಯಕ್ಕೆ ಒಪ್ಪಿಸಿದರು, 2022ರಲ್ಲಿ ಜಿಜ್ಕೋವ್ ಬಡಾವಣೆಯ ಹಳೇ ಯಹೂದಿ ಸ್ಮಶಾನದಲ್ಲಿ ಅವುಗಳಿಂದ ಒಂದು ಸ್ಮಾರಕ ಮಾಡಿದರು. ತಂಗಿ ತಕ್ಷಣ ನೋಟ್‌ಬುಕ್ ತೆಗೆದಳು. ಶುಕ್ರವಾರದ ಪುಟದಲ್ಲಿ ಬರೆದಿದ್ದ 'ಶಾಪಿಂಗ್' ಹೊಡೆದುಹಾಕಿ 'ಜಿಜ್ಕೋವ್' ಅಂತ ಬರೆದಳು.

ಚೌಕದ ಮೇಲ್ತುದಿಯಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಅದರ ಮುಂದೆ ನೆಲ ಎರಡು ಕಡೆ ಉಬ್ಬಿದೆ. ಉಬ್ಬಿನ ನಡುವೆ ಕಂಚಿನ ಶಿಲುಬೆಯೊಂದು ಮಲಗಿದೆ. ಸೋವಿಯತ್ ಸೇನೆ ನುಗ್ಗಿದ್ದನ್ನು ಜನ ಒಪ್ಪಿಕೊಂಡು ಸುಮ್ಮನಾಗುತ್ತಿದ್ದಾರೆ ಅಂತ, 1969ರ ಜನವರಿ 16ರಂದು ಯಾನ್ ಪಾಲಾಖ್ ಅನ್ನುವ 20 ವರ್ಷದ ವಿದ್ಯಾರ್ಥಿ ಇಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ. ಮೂರು ದಿನದ ಮೇಲೆ ಸತ್ತ. ಮುಂದಿನ ತಿಂಗಳು ಇನ್ನೊಬ್ಬ ಹುಡುಗ, ಯಾನ್ ಜಾಯಿತ್ಸ್. ಯಾರೋ ಇಟ್ಟ ಕೆಂಪು ಗಾಜಿನ ದೀಪ ಉರಿಯುತ್ತಿತ್ತು. ಟ್ರಾಮಿನಲ್ಲಿ ವಾಪಸ್ ಬರುವಾಗ ಇಬ್ಬರೂ ಮಾತಾಡಲಿಲ್ಲ. ಅಂದ ಹಾಗೆ ಕಾಗದದ ಟಿಕೆಟ್ ತೆಗೆದುಕೊಂಡರೆ ಹಳದಿ ಡಬ್ಬಿಯಲ್ಲಿ ತೂರಿಸಿ ಮುದ್ರೆ ಹಾಕಿಸಲೇಬೇಕು. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ.

ಮೂರನೇ ದಿನ, ಗುರುವಾರ

ಬೆಳಿಗ್ಗೆ ಏಳಕ್ಕೆ ಮುಂಚೆಯೇ ಚಾರ್ಲ್ಸ್ ಸೇತುವೆ ಮೇಲಿದ್ದೆವು. ಹತ್ತು ಗಂಟೆ ಮೇಲೆ ಹೋದರೆ ಸೇತುವೆ ಕಾಣುವುದಿಲ್ಲ, ಜನರ ಬೆನ್ನು ಕಾಣುತ್ತದೆ. ದೀಪಗಳು ಇನ್ನೂ ಉರಿಯುತ್ತಿದ್ದವು. ನದಿ ಮೇಲೆ ಮಂಜು. ಬಾಯಿ ತೆರೆದರೆ ಹೊಗೆ. ಮದುವೆ ಉಡುಪಿನ ಹುಡುಗಿಯೊಬ್ಬಳು ಗಡಗಡ ನಡುಗುತ್ತಾ ಕ್ಯಾಮೆರಾಗೆ ನಗುತ್ತಿದ್ದಳು. ಫೋಟೋ ಕ್ಲಿಕ್ ಆದ ತಕ್ಷಣ ಅವಳ ಅಮ್ಮ ಓಡಿಹೋಗಿ ಕಂಬಳಿ ಹೊದಿಸುತ್ತಿದ್ದರು. ಅಮ್ಮಂದಿರು ಎಲ್ಲ ಕಡೆ ಒಂದೇ.

ನಾಲ್ಕನೇ ಕಾರ್ಲ್ (ಇಂಗ್ಲಿಷಿನಲ್ಲಿ ಚಾರ್ಲ್ಸ್) ದೊರೆ 1357ರ ಜುಲೈ 9ರ ಬೆಳಗಿನ 5:31ಕ್ಕೆ ಇದಕ್ಕೆ ಮೊದಲ ಕಲ್ಲಿಟ್ಟ ಅಂತ ಕಥೆ. ವರ್ಷ, ದಿನ, ತಿಂಗಳು, ಗಂಟೆ, ನಿಮಿಷ ಸೇರಿಸಿ ಬರೆದರೆ 135797531. ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ. ಮುಹೂರ್ತದ ಹುಚ್ಚು ನಮಗೊಬ್ಬರಿಗೇ ಅಂದುಕೊಂಡಿದ್ದೆ. ಗಾರೆಗೆ ಮೊಟ್ಟೆ ಬೆರೆಸಿದ್ದರು ಅನ್ನುವ ಮಾತೂ ಇದೆ. ರಾಜ್ಯದ ಊರುಗಳಿಂದೆಲ್ಲ ಮೊಟ್ಟೆ ತರಿಸಿದಾಗ ಒಂದು ಊರಿನವರು ಒಡೆದುಹೋದೀತು ಅಂತ ಬೇಯಿಸಿ ಕಳಿಸಿದರಂತೆ. ನಮ್ಮ ಕೋಟೆಗಳ ಗಾರೆಗೂ ಬೆಲ್ಲ, ಮೊಟ್ಟೆ ಹಾಕಿದ ಕಥೆ ಕೇಳಿ ಬೆಳೆದವರಿಗೆ ಇದು ನೆಂಟರ ಮನೆ ಸುದ್ದಿ.

ಸೇತುವೆಯ ಎರಡೂ ಬದಿ ಸೇರಿ 30 ವಿಗ್ರಹಗಳು. ನೆಪೊಮುಕ್‌ನ ಯಾನ್ ಅನ್ನುವ ಸಂತನ ವಿಗ್ರಹದ ಬುಡದ ಹಲಗೆಯನ್ನು ಮುಟ್ಟಿ ಮುಟ್ಟಿ ಜನ ಬಂಗಾರದ ಬಣ್ಣ ಬರಿಸಿದ್ದಾರೆ. 1393ರಲ್ಲಿ ರಾಜನ ಆಜ್ಞೆಯಂತೆ ಇವರನ್ನು ನದಿಗೆ ಎಸೆದರು. ಎಸೆದ ಜಾಗ ಇದಲ್ಲ, ಸ್ವಲ್ಪ ಆಚೆ ಕಟ್ಟೆಯ ಮೇಲೆ ಒಂದು ಪುಟ್ಟ ಹಿತ್ತಾಳೆ ಶಿಲುಬೆ, ಸುತ್ತ ಐದು ನಕ್ಷತ್ರ. ಅಲ್ಲಿ ಒಬ್ಬರೂ ನಿಂತಿರಲಿಲ್ಲ.

ಸೇತುವೆ ಇಳಿದರೆ ಮಾಲಾ ಸ್ತ್ರಾನಾ ಅನ್ನುವ ಬಡಾವಣೆ. ಕಾರ್ಮೆಲಿತ್ಸ್ಕಾ ಬೀದಿಯಲ್ಲಿ ಟ್ರಾಮುಗಳ ಪಕ್ಕದಲ್ಲೇ ಇದೆ ಆಂಟಿಯ ಚರ್ಚು. 'ವಿಜಯಿ ಮೇರಿಯ ಚರ್ಚ್' ಅಂತ ಹೆಸರು. ಪ್ರವೇಶಕ್ಕೆ ದುಡ್ಡಿಲ್ಲ. ವಿವೇಕನಗರದ ಗುರುವಾರದ ನೂಕುನುಗ್ಗಲು, ಹೂವಿನ ಅಂಗಡಿ, ಆಟೋ ಸಾಲು ಎಲ್ಲ ತಲೆಯಲ್ಲಿಟ್ಟುಕೊಂಡು ಹೋಗಿದ್ದೆ. ಇಲ್ಲಿ ಹತ್ತು ಹನ್ನೆರಡು ಜನ. ಬಲಗಡೆ ಅಮೃತಶಿಲೆಯ ಪೀಠ, ಗಾಜಿನ ಪೆಟ್ಟಿಗೆ, ಅದರೊಳಗೆ ಬಾಲಯೇಸು. 47 ಸೆಂಟಿಮೀಟರ್ ಎತ್ತರ, ಅಂದರೆ ಒಂದು ಮೊಳ ಚಿಲ್ಲರೆ. ಮರದ ಮೇಲೆ ಮೇಣ. ತಲೆಯ ಮೇಲೆ ಕಿರೀಟ, ಎಡಗೈಯಲ್ಲಿ ಗೋಳ, ಬಲಗೈ ಎರಡು ಬೆರಳು ಎತ್ತಿ ಆಶೀರ್ವಾದ. ಹಸಿರು ಉಡುಪು ಹಾಕಿದ್ದರು. ಹಬ್ಬದ ಕಾಲಕ್ಕೆ ತಕ್ಕಂತೆ ಬಿಳಿ, ಕೆಂಪು, ನೇರಳೆ, ಹಸಿರು ಬದಲಾಗುತ್ತದೆ. ಬಟ್ಟೆ ಬದಲಿಸುವುದು ಕಾನ್ವೆಂಟಿನ ಸಿಸ್ಟರ್‌ಗಳ ಕೆಲಸ. ನಮ್ಮ ದೇವಸ್ಥಾನದ ಅಲಂಕಾರದ ಹಾಗೆಯೇ. ಮೇಲಿನ ಪುಟ್ಟ ಮ್ಯೂಸಿಯಂನಲ್ಲಿ ಲೋಕದ ಎಲ್ಲ ಕಡೆಯಿಂದ ಬಂದ ಅಂಗಿಗಳನ್ನು ಇಟ್ಟಿದ್ದಾರೆ. ರಾಣಿ ಮರಿಯಾ ತೆರೇಸಾ ಕೊಟ್ಟದ್ದೂ ಇದೆ.

ಕ್ಯಾಂಡಲ್ ಹಚ್ಚಿ ಆಂಟಿಗೆ ವಿಡಿಯೋ ಕಾಲ್ ಮಾಡಿದೆ. ಒಳಗೆ ಗಲಾಟೆ ಬೇಡ ಅಂತ ಬಾಗಿಲ ಹತ್ತಿರ ನಿಂತು ಪಿಸುಗುಟ್ಟುತ್ತಿದ್ದೆ. ನೆಟ್‌ವರ್ಕ್ ಕೈಕೊಟ್ಟಿತು. ಹಿಂದಿನಿಂದ ದನಿ ಬಂತು, "ನೀವು ಕನ್ನಡದವ್ರಾ?"

ಕಾರ್ಕಳದ ಕಡೆಯವರು, ಜರ್ಮನಿಯಲ್ಲಿ ನರ್ಸು. ರಜೆ ಸಿಕ್ಕಿದಾಗ ಬಸ್ಸು ಹತ್ತಿ ಬರುತ್ತಾರಂತೆ. "ಇಲ್ಲಿ ಕನ್ನಡ ಕೇಳಿದ್ದು ಇದೇ ಮೊದಲು ಮಾರಾಯ್ರೆ, ಎಷ್ಟು ಖುಷಿ ಆಯ್ತು ಗೊತ್ತುಂಟಾ?" ಅಂತ ನನ್ನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ಆಂಟಿಯ ನೂರು ರೂಪಾಯಿ ಹುಂಡಿಗೆ ಹಾಕಬಹುದಾ ಅಂತ ಕೇಳಿದೆ. "ಹಾಕಿ ಹಾಕಿ. ದೇವರಿಗೆ ಎಕ್ಸ್‌ಚೇಂಜ್ ರೇಟ್ ಇಲ್ಲ" ಅಂದರು. ಹಾಕಿದೆ.

ಚರ್ಚಿನ ಕಥೆಯನ್ನು ಅವರೇ ಹೇಳಿದ್ದು. ಈ ವಿಗ್ರಹ ಸ್ಪೇನಿನಿಂದ ಬಂದದ್ದು. 1628ರಲ್ಲಿ ಪೊಲಿಕ್ಸೆನಾ ಅನ್ನುವ ಶ್ರೀಮಂತ ಹೆಂಗಸು ಕಾರ್ಮೆಲ್ ಸಭೆಯ ಕ್ಯಾಥೊಲಿಕ್ ಸನ್ಯಾಸಿಗಳಿಗೆ ಕೊಟ್ಟರು. ಚರ್ಚು ಮೊದಲು ಕಟ್ಟಿದ್ದು ಲೂಥರನ್ನರು, ಅಂದರೆ ಪ್ರೊಟೆಸ್ಟೆಂಟರು. ಅವರ ಪಕ್ಷ ಯುದ್ಧದಲ್ಲಿ ಸೋತ ಮೇಲೆ ಇದು ಕ್ಯಾಥೊಲಿಕ್ಕರ ಕೈಗೆ ಬಂತು. 'ವಿಜಯಿ' ಅಂದರೆ ಬಿಳಿ ಬೆಟ್ಟದ ವಿಜಯ. ನಾನು ತಂಗಿಯ ಮುಖ ನೋಡಿದೆ. ಮಂಗಳವಾರ ನಾನು ಕಾಲಿಟ್ಟು ನಿಂತಿದ್ದ 27 ಶಿಲುಬೆಗಳು ಅದೇ ಯುದ್ಧದಲ್ಲಿ ಸೋತವರದು ಅಲ್ವಾ!

ಆ ನರ್ಸಮ್ಮನೇ ನಮ್ಮನ್ನು ಊಟಕ್ಕೆ ಕರೆದುಕೊಂಡು ಹೋದರು. ಹಣ್ಣಿನ ಕ್ನೆಡ್ಲಿಕಿ ತಿಂದೆವು. ಹಿಟ್ಟಿನ ಉಂಡೆಯೊಳಗೆ ಹುಳಿ ಪ್ಲಮ್ ಹಣ್ಣು, ಮೇಲೆ ತುರಿದ ಗಿಣ್ಣು, ಸಕ್ಕರೆ, ಕರಗಿಸಿದ ಬೆಣ್ಣೆ. ಕಡುಬಿನ ವಂಶ. ಅಲ್ಲಿ ಇದು ತಿಂಡಿ ಅಲ್ಲ, ಊಟ. ಐದು ಉಂಡೆ ತಿಂದ ಮೇಲೆ ರಾತ್ರಿಯವರೆಗೆ ಹೊಟ್ಟೆ ಸದ್ದಿಲ್ಲ.

ಕೋಟೆಗೆ ಹತ್ತುವ ಸಾಹಸ ಬೇಡ ಅಂತ 22ನೇ ನಂಬರ್ ಟ್ರಾಮ್ ಹಿಡಿದೆವು, ಅದು ಮೇಲೆಯೇ ಬಿಡುತ್ತದೆ. ನಾವು ಹೋದಾಗ ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇತ್ತು. ಮೂರು ಗಂಟೆ ಮೇಲೆ ಹೋದದ್ದರಿಂದ ಸಾಲು ಚಿಕ್ಕದಿತ್ತು. ಸಂತ ವೀಟ್ ಕ್ಯಾಥೆಡ್ರಲ್ 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿಯಿತು. ನಮ್ಮ ಮೆಟ್ರೋ ಬಗ್ಗೆ ಗೊಣಗುವವರು ಒಮ್ಮೆ ನೋಡಿಬರಬೇಕು. ಅಲ್ಫೋನ್ಸ್ ಮುಖಾ ಅನ್ನುವ ಚೆಕ್ ಕಲಾವಿದ ಬಿಡಿಸಿದ ಬಣ್ಣದ ಗಾಜಿನ ಕಿಟಕಿ ಸಂಜೆಯ ಬೆಳಕಿಗೆ ನೆಲದ ಮೇಲೆ ನೀಲಿ, ಕೆಂಪು ಚೆಲ್ಲಿತ್ತು. ಅದರ ಮೇಲೆ ಕಾಲಿಡಲು ಮನಸ್ಸಾಗಲಿಲ್ಲ, ಸುತ್ತಿಕೊಂಡು ಹೋದೆ.

ನಾನು ನೋಡಬೇಕು ಅಂತಿದ್ದದ್ದು ಹಳೇ ಅರಮನೆಯ ಒಂದು ಕಿಟಕಿ. 1618ರ ಮೇ 23ರಂದು ಪ್ರೊಟೆಸ್ಟೆಂಟ್ ಮುಖಂಡರು ಸಿಟ್ಟಿನಲ್ಲಿ ದೊರೆಯ ಇಬ್ಬರು ಪ್ರತಿನಿಧಿಗಳನ್ನೂ ಅವರ ಗುಮಾಸ್ತನನ್ನೂ ಇದರಿಂದ ಆಚೆ ಎಸೆದರು. ಸುಮಾರು 20 ಮೀಟರ್ ಎತ್ತರ. ಮೂವರೂ ಬದುಕಿದರು. ಮೇರಿ ಕಾಪಾಡಿದಳು ಅಂತ ಒಂದು ಕಡೆಯವರು, ತಿಪ್ಪೆ ಕಾಪಾಡಿತು ಅಂತ ಇನ್ನೊಂದು ಕಡೆಯವರು. ಆ ಗುಮಾಸ್ತನಿಗೆ ಆಮೇಲೆ ದೊರೆ ಪದವಿ ಕೊಟ್ಟಾಗ 'ಎತ್ತರದಿಂದ ಬಿದ್ದವ' ಅನ್ನುವ ಅರ್ಥದ ಬಿರುದೇ ಸಿಕ್ಕಿತು. ಯುರೋಪಿನ ಮೂವತ್ತು ವರ್ಷದ ಯುದ್ಧ ಶುರುವಾದದ್ದು ಇಲ್ಲಿಂದ. ಬಿಳಿ ಬೆಟ್ಟ, 27 ಶಿಲುಬೆ ಎಲ್ಲ ಆಮೇಲಿನದು. ಬಿದ್ದವರು ಓಡಿಹೋಗಿ ಅಡಗಿದ್ದು ಇದೇ ಆವರಣದ ಒಂದು ಅರಮನೆಯಲ್ಲಿ. ಅವರನ್ನು ಬೆನ್ನಟ್ಟಿ ಬಂದವರನ್ನು ಬಾಗಿಲಲ್ಲೇ ತಡೆದ ಮನೆಯೊಡತಿಯ ಹೆಸರು ಪೊಲಿಕ್ಸೆನಾ.

"ಬೆಳಿಗ್ಗೆ ಕೇಳಿದ ಹೆಸರಲ್ವಾ ಅಕ್ಕ?" ಅಂದಳು ತಂಗಿ. ಅದೇ ಪೊಲಿಕ್ಸೆನಾ. ಆಂಟಿಯ ಬಾಲಯೇಸುವನ್ನು ಕೊಟ್ಟವಳು. ಮೂರು ದಿನದಿಂದ ಬಿಡಿಬಿಡಿಯಾಗಿ ಕಾಲಿಗೆ ತಗುಲಿದ್ದೆಲ್ಲ ಒಂದೇ ಮನೆಯ ಜಗಳ ಆಗಿತ್ತು.

ನಾಲ್ಕನೇ ದಿನ, ಶುಕ್ರವಾರ

ಬಿಸಿಲು ಬಂತು. ಆಕಾಶ ತೊಳೆದಿಟ್ಟ ಹಾಗೆ. ಬೆಳಿಗ್ಗೆಯೇ ಜಿಜ್ಕೋವ್‌ಗೆ ಹೋಗುವುದು ಅಂತ ಬರೆದಿತ್ತು. ತಂಗಿ ಕೇಳಲಿಲ್ಲ. "ನೆರಳು ನೋಡೋಣ. ಮತ್ತೆ ಯಾವಾಗ ಬರ್ತೀವಿ?" ಹನ್ನೆರಡಕ್ಕೆ ಹತ್ತು ನಿಮಿಷ ಮೊದಲೇ ಹಿತ್ತಾಳೆ ಪಟ್ಟಿಯ ಪಕ್ಕ ನಿಂತೆವು. ಗಂಟೆ ಹನ್ನೆರಡಾಯಿತು. ಅಸ್ಥಿಪಂಜರ ಹಗ್ಗ ಎಳೆಯಿತು, ಕೋಳಿ ಕೂಗಿತು. ಕಂಬದ ನೆರಳು ಪಟ್ಟಿಯಿಂದ ಎಷ್ಟೋ ಆಚೆ ಬಿದ್ದಿತ್ತು. "ಕಂಬ ನಿಲ್ಲಿಸಿದವರು ಎಡವಟ್ಟು ಮಾಡಿದ್ದಾರೆ" ಅಂದೆ. ತಂಗಿ ತಲೆ ಚಚ್ಚಿಕೊಂಡಳು. ಯುರೋಪಿನಲ್ಲಿ ಅಕ್ಟೋಬರ್ ಕೊನೆಯವರೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಸೂರ್ಯನಿಗೆ ಇನ್ನೂ ಹನ್ನೊಂದು. ಅಂದರೆ ನೆರಳು ಬರುವುದು ಒಂದರ ಹತ್ತಿರ.

ಬಿಟ್ಟು ಹೋಗಬಹುದಿತ್ತು. ಇಬ್ಬರೂ ಹಟಮಾರಿಗಳು, ಅಮ್ಮನ ಕಡೆಯಿಂದ ಬಂದದ್ದು. ಚೌಕದಲ್ಲೇ ಇರುವ, ಯಾನ್ ಹುಸ್ ಅನ್ನುವ ಹಳೇ ಧರ್ಮಸುಧಾರಕನ ಸ್ಮಾರಕದ ಮೆಟ್ಟಿಲ ಮೇಲೆ ಕೂತು, ಬ್ಯಾಗಿನ ತಳದಲ್ಲಿದ್ದ ಕೊನೆಯ ಚಕ್ಕುಲಿ ತಿಂದೆವು. ನೆರಳು ಹತ್ತಿರ ಬರುವುದು ಕಣ್ಣಿಗೆ ಕಾಣುತ್ತದೆ, ಒಂದು ಕಲ್ಲು, ಇನ್ನೊಂದು ಕಲ್ಲು. ಹನ್ನೆರಡು ಐವತ್ತರ ಹೊತ್ತಿಗೆ ಬಂದು ಪಟ್ಟಿಯ ಮೇಲೆ ಮಲಗಿತು. ತಂಗಿ ಚಪ್ಪಾಳೆ ತಟ್ಟಿದಳು. ಸುತ್ತ ಇದ್ದ ನೂರಾರು ಜನ ಗಡಿಯಾರದ ಕಡೆ ಮುಖ ಮಾಡಿ ನಿಂತಿದ್ದರು, ಒಬ್ಬರೂ ತಿರುಗಿ ನೋಡಲಿಲ್ಲ.

ಜಿಜ್ಕೋವ್ ಮುಟ್ಟಿದಾಗ ಎರಡಕ್ಕೆ ಹತ್ತಿರ. ಮೊದಲು ಕಾಣುವುದು ಟಿವಿ ಗೋಪುರ, 216 ಮೀಟರ್. ಅದರ ಮೈಮೇಲೆ ದೈತ್ಯ ಕೂಸುಗಳು ಅಂಬೆಗಾಲಿಡುತ್ತಾ ಹತ್ತುತ್ತಿವೆ, ಡಾವಿಡ್ ಚೆರ್ನಿ ಮಾಡಿದ ವಿಗ್ರಹಗಳು. ಮುಖಕ್ಕೆ ಕಣ್ಣು ಮೂಗು ಇಲ್ಲ. ನಿನ್ನೆಯ ಬಾಲಯೇಸುವನ್ನು ನೋಡಿದ ಕಣ್ಣಿಗೆ ಇವು ಭಯವೇ ಹುಟ್ಟಿಸಿದವು. ಗೋಪುರ ಕಟ್ಟಲು ಅಲ್ಲಿದ್ದ ಯಹೂದಿ ಸ್ಮಶಾನದ ಜಾಗವನ್ನೇ ತೆಗೆದುಕೊಂಡರು. ಉಳಿದ ತುಂಡು ಪಕ್ಕದಲ್ಲಿ ಗೋಡೆಯ ಹಿಂದಿದೆ. ಕಲ್ಲುಗಳು ಮರಳಿ ಬಂದಿರುವುದು ಅಲ್ಲಿಗೆ.

ಗೇಟಿಗೆ ಬೀಗ. ವಾರದಲ್ಲಿ ಕೆಲವೇ ದಿನ, ಕೆಲವೇ ಗಂಟೆ ತೆರೆಯುತ್ತಾರೆ, ಶುಕ್ರವಾರ ಬೇಗ ಮುಚ್ಚುತ್ತಾರೆ. ನಾವು ಒಂದು ನೆರಳಿಗೋಸ್ಕರ ಕೂತಿದ್ದ ಹೊತ್ತಿನಲ್ಲೇ ಮುಚ್ಚಿದ್ದರು. ಸರಳಿನ ಸಂದಿಯಿಂದ ಐವಿ ಬಳ್ಳಿ, ಓರೆಯಾದ ಸಮಾಧಿಗಳು ಕಂಡವು. ಸ್ಮಾರಕ ಕಾಣಲಿಲ್ಲ. ತಂಗಿ ನೋಟ್‌ಬುಕ್ಕಿನಲ್ಲಿ ಆ ಸಾಲಿಗೆ ಟಿಕ್ ಹಾಕದೆ ಹಾಗೇ ಬಿಟ್ಟಳು.

ಸಂಜೆ ಸ್ಟೇಷನ್ನಿಗೆ ಹೋಗುವಾಗ ಸೂಟ್‌ಕೇಸನ್ನು ಎಳೆಯಲಿಲ್ಲ, ಇಬ್ಬರೂ ಒಂದೊಂದು ಕಡೆ ಹಿಡಿದು ಎತ್ತಿಕೊಂಡು ಹೋದೆವು. ಚಕ್ರ ಬಿದ್ದಿದ್ದ ತಿರುವು ಬಂದಾಗ ಜಾಲರಿಯೊಳಗೆ ಬಗ್ಗಿ ನೋಡಿದೆ. "ಅಕ್ಕ, ಸಾಕು ನಡಿ" ಅಂದಳು.

ಬೆಂಗಳೂರಿಗೆ ಬಂದ ಮಾರನೇ ದಿನ ಆಂಟಿ ಮನೆಗೆ ಹೋದೆ. ಚರ್ಚಿನಿಂದ ತಂದ ಪುಟ್ಟ ಚಿತ್ರ ಕೊಟ್ಟೆ. ಕಣ್ಣಿಗೆ ಒತ್ತಿಕೊಂಡರು. ಯುದ್ಧ, ಕಿಟಕಿ, ತಲೆ ನೇತುಹಾಕಿದ್ದು ಎಲ್ಲ ಹೇಳಬೇಕು ಅಂತ ಬಾಯಿ ತುದಿಗೆ ಬಂದಿತ್ತು. ಅವರು ಕನ್ನಡಕ ಹಾಕಿಕೊಂಡು ಚಿತ್ರವನ್ನೇ ನೋಡುತ್ತಿದ್ದರು.

"ಅಲ್ಲಿ ತುಂಬಾ ಚಳಿನಾ?"

"ಬೆಳಿಗ್ಗೆ ಐದಾರು ಡಿಗ್ರಿ ಆಂಟಿ."

"ಮತ್ತೆ ಇಷ್ಟು ತೆಳ್ಳಗಿರೋ ಬಟ್ಟೆ ಹಾಕಿದ್ದಾರಲ್ಲಮ್ಮ. ಒಂದು ಸ್ವೆಟರ್ ಹಾಕ್ಬಾರ್ದಾ ಮಗೂಗೆ?"